ಶಾತೊ ದಿಫ್ ಭೇಟಿ ರದ್ದು: ಹಣ ವಾಪಸಾತಿಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಯುರೋಪ್ ಪ್ರವಾಸ ವಿಭಾಗ

ಮಾನ್ಯರೇ,

ನಿಮ್ಮ ದಕ್ಷಿಣ ಫ್ರಾನ್ಸ್ ಪ್ಯಾಕೇಜಿನಲ್ಲಿ ಮಾರ್ಸೇ ಬಳಿಯ ಶಾತೊ ದಿಫ್ ಕೋಟೆಯನ್ನು ಕೊನೆಯ ದಿನದ ಮಧ್ಯಾಹ್ನಕ್ಕೆ ಇಟ್ಟಿದ್ದೀರಿ. ಅಂದು ಮಿಸ್ತ್ರಾಲ್ ಗಾಳಿ ಬೀಸುತ್ತಿದ್ದರಿಂದ ಬೋಟು ಕೋಟೆಯಿರುವ ಇಫ್ ದ್ವೀಪದಲ್ಲಿ ನಿಲ್ಲದೆ ನೇರ ಪಕ್ಕದ ಫ್ರಿಯೂಲ್ ದ್ವೀಪಗಳಿಗೆ ಹೋಯಿತು. ಕೋಟೆಯನ್ನು ಯಾರೂ ನೋಡಲಿಲ್ಲ. "ಹವಾಮಾನ ನಮ್ಮ ಕೈಯಲ್ಲಿಲ್ಲ, ಹಣ ವಾಪಸಿಲ್ಲ" ಎಂಬ ನಿಮ್ಮ ಉತ್ತರವನ್ನು ನಾವು ಒಪ್ಪುವುದಿಲ್ಲ.

ಗಾಳಿ ನಿಮ್ಮ ಕೈಯಲ್ಲಿಲ್ಲ ನಿಜ, ವೇಳಾಪಟ್ಟಿ ನಿಮ್ಮದೇ. ರೋನ್ ಕಣಿವೆಯಿಂದ ಇಳಿದು ಬರುವ ಮಿಸ್ತ್ರಾಲ್ ಒಮ್ಮೆ ಹಿಡಿದರೆ ಹಲವು ದಿನ ಬಿಡದಿರುವುದುಂಟು. ಆಕಾಶ ತಿಳಿಯಾಗಿ, ಬಿಸಿಲು ಚೆನ್ನಾಗಿದ್ದರೂ ಅಲೆಗಳ ಹೊಡೆತಕ್ಕೆ ಇಫ್‌ನ ಚಿಕ್ಕ ಜೆಟ್ಟಿಗೆ ಬೋಟು ತಾಗಿಸಲು ಆಗುವುದಿಲ್ಲ. ಹಳೆ ಬಂದರಿನಿಂದ ಕೇವಲ ಇಪ್ಪತ್ತು ನಿಮಿಷದ ದಾರಿಯಾದರೂ ಇಳಿಯುವುದು ಖಾತ್ರಿಯಿಲ್ಲ. ಆದ್ದರಿಂದ ಮಾರ್ಸೇಯ ಮೊದಲ ಬೆಳಿಗ್ಗೆಯೇ ಕೋಟೆಗೆ ಹೊರಡಬೇಕು, ಮರುದಿನವನ್ನು ಬದಲಿಯಾಗಿ ಖಾಲಿ ಇಡಬೇಕು, ಇಫ್‌ನಲ್ಲಿ ಇಳಿಸುತ್ತಾರೆಂದು ಟಿಕೆಟ್ ಕೌಂಟರಿನಲ್ಲಿ ಕೇಳಿಕೊಂಡ ಮೇಲೆಯೇ ಟಿಕೆಟ್ ಕೊಳ್ಳಬೇಕು. ನಿಮ್ಮ ಮಾರ್ಗದರ್ಶಿ ಇದನ್ನು ಕೇಳಲೇ ಇಲ್ಲ.

ಬೋಟಿನ ಟಿಕೆಟ್ ಬೇರೆ, ಕೋಟೆಯ ಪ್ರವೇಶ ಟಿಕೆಟ್ ಬೇರೆ. ನೀವು ಎರಡನ್ನೂ ಸೇರಿಸಿ ಒಂದೇ ಮೊತ್ತ ತೋರಿಸಿದ್ದೀರಿ. ಕೋಟೆ ಸರ್ಕಾರದ ಸ್ಮಾರಕ. 18 ವರ್ಷದೊಳಗಿನವರಿಗೆ ಪ್ರವೇಶ ಉಚಿತ. ಆದರೂ ಮಕ್ಕಳಿಗೂ ಪೂರ್ತಿ ದರ ಹಾಕಿದ್ದು ಸರಿಯಲ್ಲ. ಚಳಿಗಾಲದಲ್ಲಿ ಸೋಮವಾರ ಕೋಟೆ ಮುಚ್ಚಿರುತ್ತದೆ. ನಿಮ್ಮ ನವೆಂಬರ್ ತಂಡದ ಭೇಟಿ ಸೋಮವಾರಕ್ಕೇ ಇದೆ, ಕೂಡಲೇ ಬದಲಿಸಿ. "ಹಿರಿಯರಿಗೆ ಸುಲಭ" ಎಂಬ ಮಾತನ್ನೂ ತೆಗೆಯಿರಿ: ಜೆಟ್ಟಿಯಿಂದ ಮೇಲಕ್ಕೆ ಕಲ್ಲಿನ ಮೆಟ್ಟಿಲು, ಗೋಪುರದೊಳಗೆ ಇಕ್ಕಟ್ಟಾದ ಸುರುಳಿ ಮೆಟ್ಟಿಲು.

ಕೈಪಿಡಿಯ ಚರಿತ್ರೆಯೂ ತಪ್ಪು. ನೀವು ಬರೆದಂತೆ "ಕಬ್ಬಿಣದ ಮುಖವಾಡದ ಕೈದಿ", ಅಂದರೆ ಹದಿನಾಲ್ಕನೇ ಲೂಯಿ ಕಾಲದ ಆ ನಿಗೂಢ ಬಂಧಿ, ಇಲ್ಲಿರಲಿಲ್ಲ. ಅವನನ್ನು ಕಾನ್ ನಗರದ ಎದುರಿನ ಸೇಂಟ್ ಮಾರ್ಗರಿತ್ ದ್ವೀಪದಲ್ಲಿ 1687ರಿಂದ 1698ರವರೆಗೆ ಇಟ್ಟಿದ್ದರು. ಒಂದನೇ ಫ್ರಾನ್ಸ್ವಾ ಅರಸನು 16ನೇ ಶತಮಾನದಲ್ಲಿ ಮಾರ್ಸೇಯ ಕಾವಲಿಗೆ ಕಟ್ಟಿಸಿದ ಈ ಕೋಟೆ ಮುಂದೆ ಸೆರೆಮನೆಯಾಯಿತು. ನೂರಾರು ಪ್ರೊಟೆಸ್ಟೆಂಟರು ಇಲ್ಲಿ ನರಳಿದರು, ಮುಂದೆ ಫ್ರೆಂಚ್ ಕ್ರಾಂತಿಯ ನಾಯಕನಾದ ಮಿರಾಬೋ ಇಲ್ಲಿ ಬಂಧಿಯಾಗಿದ್ದ. ಇವರ ಹೆಸರೇ ಇಲ್ಲದ ಕೈಪಿಡಿಯನ್ನು ಹಂಚಬೇಡಿ.

ಕೋಟೆಯ ಪ್ರವೇಶಧನ ಮತ್ತು ಬೋಟಿನ ದರವನ್ನು ತಲಾವಾರು ಲೆಕ್ಕ ತೋರಿಸಿ 15 ದಿನಗಳೊಳಗೆ ಹಿಂದಿರುಗಿಸಿ. ತಪ್ಪಿದಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುತ್ತೇವೆ. ರಸೀದಿ, ಕಾರ್ಯಕ್ರಮ ಪಟ್ಟಿ ಲಗತ್ತಿಸಿದ್ದೇವೆ.

ಇಂತಿ,
ಪ್ರವಾಸ ತಂಡದ ಸದಸ್ಯರು