ಅರಳು ಮರಳು ಎನ್ನುವ ಮುನ್ನ ಒಂದು ಹನಿ ರಕ್ತ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ವಿಜಯಪುರ ಜಿಲ್ಲಾ ಉಸ್ತುವಾರಿ ಸಚಿವರಿಗೆ ಗೌರವಪೂರ್ವಕ ನಮಸ್ಕಾರಗಳು.

ಮಾನ್ಯರೇ,

ಜಿಲ್ಲೆಯ ಇಲಾಖೆಗಳ ಕೆಲಸವನ್ನು ತಾವು ಪರಿಶೀಲಿಸುವ ಕೆಡಿಪಿ ಸಭೆಗಳಲ್ಲಿ ಆರೋಗ್ಯ ಇಲಾಖೆಯ ಸರದಿ ಬಂದಾಗ ಹೆರಿಗೆ, ಲಸಿಕೆ, ಡೆಂಗಿ, ವೈದ್ಯರ ಖಾಲಿ ಹುದ್ದೆಗಳ ಚರ್ಚೆ ನಡೆಯುವುದನ್ನು ಪತ್ರಿಕೆಗಳಲ್ಲಿ ಓದುತ್ತ ಬಂದಿದ್ದೇನೆ. ಅವೆಲ್ಲ ಬೇಕಾದವುಗಳೇ. ಆದರೆ ಅರವತ್ತು ದಾಟಿದವರ ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ತೊಂದರೆಗೂ ಮುಂದಿನ ಸಭೆಯಲ್ಲಿ ಹತ್ತು ನಿಮಿಷ ಮೀಸಲಿಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಶ್ರಾವಣದ ಒಂದು ಸೋಮವಾರ ನಮ್ಮವ್ವ ಎಂದಿನಂತೆ ಬೆಳಿಗ್ಗೆ ಸಕ್ಕರೆ ಗುಳಿಗೆ ನುಂಗಿ, ಒಪ್ಪತ್ತು ಎಂದು ಬರೀ ಚಹಾದ ಮೇಲೆ ಇದ್ದಳು. ಮಧ್ಯಾಹ್ನ ಎರಡರ ಹೊತ್ತಿಗೆ ಮಾತು ತೊದಲತೊಡಗಿತು. ನನ್ನನ್ನು ತೀರಿಹೋದ ತನ್ನ ಅಣ್ಣನ ಹೆಸರಿನಿಂದ ಕರೆದಳು. ನೀರು ಕುಡಿಯಲು ಎತ್ತಿದ ಚರಿಗೆ ಕೈಜಾರಿ ಅಂಗಳದವರೆಗೆ ಉರುಳಿತು. ಓಣಿಯವರು ಕೂಡಿ ಲಕ್ವಾ ಹೊಡೆದಿದೆ ಎಂದರು. ಎಪ್ಪತ್ತಾರರ ಮುದುಕಿಗೆ ಅರಳು ಮರಳು ಸಹಜವೇ ಎಂದವರೂ ಇದ್ದರು. ಊರಿನ ಉಪಕೇಂದ್ರದಲ್ಲಿ ಅಂದು ಸಕ್ಕರೆ ನೋಡುವ ಸ್ಟ್ರಿಪ್ ಮುಗಿದಿದ್ದವು. ಬಾಡಿಗೆ ಗಾಡಿಯಲ್ಲಿ ಒಂದು ಗಂಟೆಯ ದಾರಿ ಸವೆಸಿ ಆಸ್ಪತ್ರೆ ಮುಟ್ಟಿದಾಗ ನರ್ಸ್ ಒಬ್ಬರು ಬಾಗಿಲಲ್ಲೇ ಬೆರಳು ಚುಚ್ಚಿ ನೋಡಿದರು: ರಕ್ತದ ಸಕ್ಕರೆ 42. ಎಪ್ಪತ್ತಕ್ಕಿಂತ ಕೆಳಗಿಳಿದರೇ ಎಚ್ಚರ ವಹಿಸಬೇಕಾದ ಲೆಕ್ಕ ಅದು. ನರಕ್ಕೆ ಗ್ಲೂಕೋಸ್ ಹೋದ ಹತ್ತು ನಿಮಿಷಕ್ಕೆ ಅವ್ವ ಕಣ್ಣು ಬಿಟ್ಟು, "ಇಲ್ಲಿಗ್ಯಾಕ ಕರಕೊಂಡು ಬಂದ್ಯೋ, ಎಮ್ಮಿಗೆ ನೀರು ಯಾರು ಕುಡಸ್ತಾರ?" ಎಂದು ನನ್ನನ್ನೇ ಗದರಿದಳು.

ಅವಳು ನುಂಗುತ್ತಿದ್ದುದು ಗ್ಲಿಬೆನ್‌ಕ್ಲಮೈಡ್ ಎಂಬ ಹಳೆಯ, ಅಗ್ಗದ ಗುಳಿಗೆ. ಹೊಟ್ಟೆಗೆ ಅನ್ನ ಬೀಳಲಿ ಬಿಡಲಿ, ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ವಯಸ್ಸಾದವರ ಮೂತ್ರಪಿಂಡ ನಿಧಾನವಾಗುವುದರಿಂದ ಔಷಧದ ಅಂಶ ದೇಹದಲ್ಲಿ ಹೆಚ್ಚು ಹೊತ್ತು ಉಳಿದು, ಒಮ್ಮೆ ಏರಿಸಿದ ಸಕ್ಕರೆ ಮತ್ತೆ ಇಳಿಯಬಹುದು. ಆ ಕಾರಣಕ್ಕೇ ವೈದ್ಯರು ಅವಳನ್ನು ಒಂದು ರಾತ್ರಿ ಅಲ್ಲೇ ಇರಿಸಿಕೊಂಡರು. ಹರೆಯದವರಿಗೆ ಸಕ್ಕರೆ ಇಳಿದರೆ ಬೆವರು, ನಡುಕ, ಎದೆಬಡಿತ ಮೊದಲೇ ಸೂಚನೆ ಕೊಡುತ್ತವೆ. ಹಿರಿಯರಲ್ಲಿ ಈ ಸೂಚನೆಗಳು ಮಂಕಾಗಿ, ಗೊಂದಲ ಮತ್ತು ತೊದಲುವಿಕೆಯೇ ಮುಂದಾಗಿ ಕಾಣಿಸಿಕೊಳ್ಳುವುದುಂಟು. ಹಿರಿಯರಿಗೆ ಈ ಗುಳಿಗೆ ಬೇಡವೆಂಬ ಸಲಹೆ ವೈದ್ಯಲೋಕದಲ್ಲಿ ಹೊಸದೇನಲ್ಲ. ಮೈಯಲ್ಲಿ ತ್ರಾಣವಿಲ್ಲದ ಹಿರಿಯರಿಗೆ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಶೇ 7ಕ್ಕೆ ಇಳಿಸಲು ಹೆಣಗದೆ ಶೇ 8ರ ಆಸುಪಾಸಿನಲ್ಲಿಟ್ಟರೂ ಸಾಕೆಂಬ ಮಾತೂ ಇದೆ. ನಮ್ಮ ಜಿಲ್ಲೆಯಲ್ಲಿ ಶ್ರಾವಣ ಸೋಮವಾರ, ಏಕಾದಶಿ, ಶಿವರಾತ್ರಿಗಳಿಗೆ ಹೇಗೋ ಹಾಗೆಯೇ ರಂಜಾನ್ ರೋಜಾಕ್ಕೂ ಹಿರಿಯರೇ ಮುಂದು. ಆದರೂ ಅವಳು ಗುಳಿಗೆ ನುಂಗಿದ ಅಷ್ಟೂ ವರ್ಷಗಳಲ್ಲಿ ಗುಳಿಗೆ ಕೊಡುವ ಕಿಟಕಿಯಲ್ಲಿ ಒಮ್ಮೆಯೂ "ಉಪವಾಸ ಹಿಡಿಯುತ್ತೀರಾ?" ಎಂದು ಯಾರೂ ಅವ್ವನನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಆ ರಾತ್ರಿ ಇನ್ನೊಂದು ಸಂಗತಿಯೂ ಹೊರಬಿತ್ತು. ಎರಡು ವರ್ಷದಿಂದ ಅವ್ವ ವಿಜಯಪುರದ ಏಪ್ರಿಲ್ ಬಿಸಿಲಿನಲ್ಲೂ ಕೌದಿ ಹೊದ್ದು ಕೂರುತ್ತಿದ್ದಳು. ಮಲಬದ್ಧತೆಯಿತ್ತು, ಚರ್ಮ ಒಣಗಿತ್ತು, ಧ್ವನಿ ಗೊಗ್ಗರಾಗಿತ್ತು, ರೊಟ್ಟಿ ಬಡಿಯಲು ಕುಳಿತವಳು ಹಿಟ್ಟು ಎಲ್ಲಿಟ್ಟೆ ಎಂಬುದನ್ನೇ ಮರೆಯುತ್ತಿದ್ದಳು. ಎರಡು ಕಡೆ ತೋರಿಸಿದ್ದೆ, ಎರಡೂ ಕಡೆ ಸಿಕ್ಕ ಉತ್ತರ ಒಂದೇ: "ವಯಸ್ಸಾಗ್ಯದ್ರೀ ಮಾಸ್ತರ, ಮತ್ತೇನಿಲ್ಲ." ಈ ಬಾರಿಯ ವೈದ್ಯರು ಥೈರಾಯ್ಡ್ ಕೆಲಸ ಹೇಗಿದೆ ಎಂದು ತೋರಿಸುವ ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ ಬರೆದರು. ಖಾಸಗಿ ಲ್ಯಾಬಿಗೆ ಕಳಿಸಿದ ರಕ್ತದ ವರದಿಯಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸ ಪೂರಾ ಕುಂದಿರುವುದು ಗೊತ್ತಾಯಿತು. ಥೈರಾಯ್ಡ್ ಕುಂದಿದವರಿಗೆ ಸಕ್ಕರೆ ಇಳಿಯುವ ಅಪಾಯವೂ ಹೆಚ್ಚೆಂದು ಅವರು ವಿವರಿಸಿದಾಗ ನನಗೆ ಎರಡೂ ಕಾಯಿಲೆಗಳ ಕೊಂಡಿ ತಿಳಿಯಿತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಣ್ಣ ಗುಳಿಗೆ. ಹೃದಯಕ್ಕೆ ಭಾರವಾಗದಂತೆ ಕಡಿಮೆ ಪ್ರಮಾಣದಿಂದ ಆರಂಭ. ಮೂರು ತಿಂಗಳಲ್ಲಿ ಕೌದಿ ಟ್ರಂಕಿನೊಳಗೆ ಹೋಯಿತು.

ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳುತ್ತಿಲ್ಲ. ಮಧುಮೇಹ ಮತ್ತಿತರ ಅಸಾಂಕ್ರಾಮಿಕ ರೋಗಗಳಿಗಾಗಿ ರಾಷ್ಟ್ರೀಯ ಕಾರ್ಯಕ್ರಮ 2010ರಿಂದಲೇ ಇದೆ, ಹಿರಿಯರ ಆರೋಗ್ಯಕ್ಕೆ ಪ್ರತ್ಯೇಕ ಕಾರ್ಯಕ್ರಮವೂ ಹೆಚ್ಚುಕಡಿಮೆ ಅದೇ ಹೊತ್ತಿನದು. ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಅಂದಾಜಿಸಿತು. ಆದರೆ ನಾನು ಕಂಡಂತೆ ಹಳ್ಳಿಯಲ್ಲಿ ಹುಡುಕಾಟವೆಲ್ಲ ಏರಿದ ಸಕ್ಕರೆಗಾಗಿ. ಗುಳಿಗೆ ಶುರುವಾದ ಮೇಲೆ ಇಳಿದ ಸಕ್ಕರೆಯನ್ನು ನೋಡುವವರು ಕಡಿಮೆ.

ಆದ್ದರಿಂದ ನನ್ನ ಕೋರಿಕೆ ದೊಡ್ಡ ಆಸ್ಪತ್ರೆಗಾಗಿ ಅಲ್ಲ. ಪ್ರತಿ ಉಪಕೇಂದ್ರದಲ್ಲೂ ಸ್ಟ್ರಿಪ್ ಒಂದು ದಿನವೂ ಖಾಲಿಯಾಗದಂತೆ ದಾಸ್ತಾನಿನ ಲೆಕ್ಕವನ್ನು ಸಭೆಯಲ್ಲಿ ತಾವು ಖುದ್ದಾಗಿ ಕೇಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೆಗೆದ ರಕ್ತ ವಾರಕ್ಕೊಮ್ಮೆಯಾದರೂ ತಾಲ್ಲೂಕು ಅಥವಾ ಜಿಲ್ಲಾ ಪ್ರಯೋಗಾಲಯಕ್ಕೆ ಹೋಗಿ, ಟಿಎಸ್‌ಎಚ್ ಮತ್ತು ಮೂರು ತಿಂಗಳ ಸಕ್ಕರೆಯ ವರದಿ ಹಳ್ಳಿಗೇ ಮರಳುವಂತಾಗಬೇಕು, ಏಕೆಂದರೆ ಆ ಒಂದು ಪರೀಕ್ಷೆಗಾಗಿ ಮುದುಕರನ್ನು ಬಸ್ ಹತ್ತಿಸಿಕೊಂಡು ಹೋಗುವುದೆಂದರೆ ಮನೆಯ ದುಡಿಯುವವನೊಬ್ಬನ ಒಂದು ದಿನದ ಕೂಲಿ ಹೋದಂತೆಯೇ. ಹಿರಿಯರ ಗುಳಿಗೆ ಚೀಟಿಯ ಮೇಲೆ, ಊಟ ಬಿಡುವ ದಿನ ಈ ಗುಳಿಗೆ ಹೇಗೆಂದು ವೈದ್ಯರನ್ನು ಕೇಳಿ, ಮಾತು ತೊದಲಿದರೆ ಮೊದಲು ಸಕ್ಕರೆ ನೋಡಿಸಿ ಎಂಬ ಎರಡು ಸಾಲು ದಪ್ಪ ಕನ್ನಡ ಅಕ್ಷರದಲ್ಲಿ ಇರಬೇಕು. ಇದಕ್ಕೆ ತಗಲುವ ಖರ್ಚು ಒಂದು ರಬ್ಬರ್ ಮೊಹರಿನದಷ್ಟೇ.

ಅವ್ವನ ಹಳೆಯ ಚೀಟಿಗಳನ್ನೆಲ್ಲ ಎತ್ತಿಟ್ಟಿದ್ದೇನೆ. ಸಭೆಗೆ ತನ್ನಿ ಎಂದರೆ ತರುತ್ತೇನೆ. ಕೊನೆಯ ಒಂದನ್ನು ಬಿಟ್ಟರೆ ಯಾವುದರಲ್ಲೂ ಥೈರಾಯ್ಡ್ ಎಂಬ ಶಬ್ದವಿಲ್ಲ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ
ವಿಜಯಪುರ ಜಿಲ್ಲೆ