ನನ್ನ ಹೆಗಲಿಗೆ ಹೆಗಲು ಕೊಟ್ಟವರಿಗೆ

ಮೊನ್ನೆ ಭಾನುವಾರ ಪಾಂಡವಪುರದ ಕಡೆಯ ಕೆರೆಯೊಂದರಲ್ಲಿ ಮೀನು ಹಿಡಿಯುವ ನನ್ನ ಹಳೆಯ ಒಂಬತ್ತಡಿ ರಾಡನ್ನು ಮತ್ತೆ ಬಲಗೈಯಲ್ಲೇ ಬೀಸಿದೆ. ವರ್ಷಕ್ಕೂ ಜಾಸ್ತಿ ಕಾಲ ಈ ಕೈ ತಲೆ ಬಾಚಿಕೊಳ್ಳಲೂ ಮೇಲೇಳುತ್ತಿರಲಿಲ್ಲ. ಅದಕ್ಕೇ ಒಂದಷ್ಟು ಜನಕ್ಕೆ ಇವತ್ತು ಎಲ್ಲರೆದುರು ಕೈ ಮುಗಿಯಬೇಕು ಅನ್ನಿಸಿದೆ. ಹೆಸರು ಹಾಕಬೇಡಿ ಎಂದು ಕೆಲವರು ಹೇಳಿದ್ದಾರೆ, ಹಾಗಾಗಿ ಯಾರದನ್ನೂ ಹಾಕುತ್ತಿಲ್ಲ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ನನಗೆ ಆಗಿದ್ದು ಫ್ರೋಜನ್ ಶೋಲ್ಡರ್. ಭುಜದ ಕೀಲಿನ ಸುತ್ತ ಇರುವ ಪೊರೆ ದಪ್ಪವಾಗಿ ಬಿಗಿದುಕೊಳ್ಳುತ್ತದೆ. ಮೊದಲು ನೋವು, ಆಮೇಲೆ ಬಿಗಿತ, ಆಮೇಲೆ ನಿಧಾನವಾಗಿ ಸಡಿಲ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಬರುವುದು ಜಾಸ್ತಿ, ನನಗೂ ಸಕ್ಕರೆ ಇದೆ. ಮೈಸೂರಿನ ಫಿಸಿಯೋಥೆರಪಿ ಮೇಡಂ ಮೊದಲ ದಿನವೇ ಕೇಳಿದ್ದರು: "ಕೈ ಸರಿಹೋದ ಮೇಲೆ ಏನು ಮಾಡಬೇಕು ಅಂತಿದ್ದೀರಿ?" ಮೀನು ಹಿಡಿಯಬೇಕು ಅಂದೆ. ಅವರು ನಗಲಿಲ್ಲ. ಒಂದು ಸ್ಕೇಲ್ ಕೊಟ್ಟು, ಹೇಗೆ ಬೀಸುತ್ತೀರಿ ತೋರಿಸಿ ಅಂದರು. ನೋಡಿದವರೇ, ಮೊಣಕೈ ಪಕ್ಕೆಗೆ ಒತ್ತಿಕೊಂಡು ಅಡ್ಡಕ್ಕೆ ಬೀಸೋಕಾಗಲ್ವಾ ಅಂದರು. ಆಗುತ್ತದೆ! ಮರದ ಕೊಂಬೆಯ ಕೆಳಗೆ ದಾರ ತೂರಿಸಬೇಕಾದಾಗ ನಾವು ಮಾಡುವುದೇ ಅದು. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮದ ಜೊತೆಗೆ ಇದನ್ನೂ ಸೇರಿಸಿದರು. ಮೇಡಂ, ನಿಮ್ಮ ಋಣ ದೊಡ್ಡದು.

ನಾನು ಮೀನು ಹಿಡಿಯುವ ರೀತಿಗೆ ಫ್ಲೈ ಫಿಶಿಂಗ್ ಅನ್ನುತ್ತಾರೆ. ಅದನ್ನು ನೋಡಿಲ್ಲದವರಿಗೆ ಎರಡು ಮಾತು. ಫ್ಲೈ ಅಂದರೆ ಸಣ್ಣ ಗಾಳಕ್ಕೆ ನೂಲು, ಪುಕ್ಕ ಸುತ್ತಿ ಹುಳುವಿನ ರೂಪ ಕೊಟ್ಟದ್ದು. ಅದಕ್ಕೆ ತೂಕವೇ ಇಲ್ಲ ಅನ್ನಬೇಕು. ಎರೆಹುಳು ಸಿಕ್ಕಿಸಿ ಸೀಸದ ಗುಂಡು ಕಟ್ಟಿ ಎಸೆದ ಹಾಗೆ ಎಸೆಯಲು ಬರುವುದಿಲ್ಲ. ಇಲ್ಲಿ ತೂಕ ಇರುವುದು ದಾರದಲ್ಲೇ. ನನ್ನ 5ನೇ ನಂಬರಿನ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಆ 9 ಗ್ರಾಂ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾಯಬೇಕು, ಆಮೇಲೆ ಮುಂದಕ್ಕೆ ತಳ್ಳಬೇಕು. ಒಂದು ಕೈಯಲ್ಲಿ ರಾಡ್, ಇನ್ನೊಂದರಲ್ಲಿ ದಾರ. ಒಂದು ಕೈ ನಿಂತುಹೋದರೆ ಆಟವೇ ನಿಂತುಹೋಗುತ್ತದೆ ಅಂದುಕೊಂಡಿದ್ದೆ.

ಹಾಗಲ್ಲ ಅಂತ ತೋರಿಸಿದ್ದು ಬೆಂಗಳೂರಿನ ಒಬ್ಬ ಹುಡುಗ. ನನ್ನ ಸ್ಥಿತಿ ಕೇಳಿ ಮಂಡ್ಯಕ್ಕೆ ಬಸ್ಸು ಹತ್ತಿಕೊಂಡು ಬಂದ. ಬ್ಯಾಗಿನಿಂದ ಮೊಳದಷ್ಟು ಉದ್ದದ ಒಂದು ಕೊಳವೆ ತೆಗೆದ. ಎಳೆದರೆ ಅದರೊಳಗಿನಿಂದ ಒಂದೊಂದೇ ತುಂಡು ಹೊರಬಂದು ಹನ್ನೆರಡು ಅಡಿಯ ಕೋಲಾಯಿತು! "ಅಕ್ಕ, ಇದು ಟೆಂಕಾರಾ. ಜಪಾನಿನ ಬೆಟ್ಟದ ಹಳ್ಳಗಳಲ್ಲಿ ಬಳಸ್ತಾರೆ. ದಾರ ಸುತ್ತೋ ರೀಲ್ ಇಲ್ಲ, ದಾರ ತುದಿಗೇ ಕಟ್ಟಿರುತ್ತೆ. ನಿಮ್ಮ ಎಡಗೈ ಒಂದೇ ಸಾಕು" ಅಂದ. ಎತ್ತಿ ನೋಡಿದರೆ ತೂಕ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. ಅವನು ಕೊಟ್ಟ ಫ್ಲೈಗಳೂ ಬೇರೆ ಥರ. ಪುಕ್ಕ ಹಿಂದಕ್ಕೆ ಬಾಗುವ ಬದಲು ಮುಂದಕ್ಕೆ, ಗಾಳದ ಕಣ್ಣಿನ ಕಡೆಗೆ ಬಾಗಿರುತ್ತದೆ. ಕೋಲಿನ ತುದಿ ಸ್ವಲ್ಪ ಮಿಡಿದರೆ ನೀರಿನಲ್ಲಿ ಪುಕ್ಕ ಮುಚ್ಚಿ ತೆರೆಯುತ್ತದೆ, ಹುಳುವಿಗೆ ಜೀವ ಬರುತ್ತದೆ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಕೆಲಸ ಆಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಅದನ್ನು ಹಿಡಿದು ಕೆರೆ ಏರಿಯ ಮೇಲೆ ನಿಂತ ದಿನ, ಅಲ್ಲೇ ಬಿದಿರಿನ ಕೋಲು ಹಿಡಿದು ಕೂತಿದ್ದ ಅಜ್ಜ ಎದ್ದು ಬಂದರು. ಟೆಂಕಾರಾ ತುದಿಯನ್ನು ಬೆರಳಲ್ಲಿ ಬಗ್ಗಿಸಿ ನೋಡಿದರು. "ಇದ್ ನಮ್ ಗಾಳದ್ ಕಡ್ಡೀನೇ ಅಲ್ವೇನವ್ವ, ಒಳ್ಳೆ ಬಟ್ಟೆ ಹಾಕ್ಕೊಂಡ್ ಬಂದದೆ" ಅಂದರು. ನಿಜ. ತುದಿಗೆ ದಾರ ಕಟ್ಟಿದ ಕೋಲು, ಅಷ್ಟೇ. ಅವತ್ತಿನಿಂದ ಅಜ್ಜ ನನ್ನ ಮೇಷ್ಟ್ರು. ನಾನು ವರ್ಷಗಟ್ಟಲೆ ಬೀಸುವುದನ್ನು ಕಲಿತಿದ್ದೆ, ಅವರು ನೋಡುವುದನ್ನು ಕಲಿಸಿದರು. ಸಂಜೆ ಗಾಳಿ ಯಾವ ದಡಕ್ಕೆ ಬೀಸುತ್ತದೋ ಅಲ್ಲಿಗೆ ಹೋಗಿ ನಿಲ್ಲಬೇಕು. ನೀರಿಗೆ ಬಿದ್ದ ಹುಳುಗಳೆಲ್ಲ ತೇಲಿ ಅಲ್ಲಿಗೇ ಬರುತ್ತವೆ, ಹಿಂದೆಯೇ ಮೀನು. ನಾನು ಮಾತ್ರ ಬೀಸಲು ಸುಲಭ ಅಂತ ಯಾವಾಗಲೂ ಎದುರು ದಡದಲ್ಲಿ ನಿಲ್ಲುತ್ತಿದ್ದೆ. ಜಿಲೇಬಿ ಮೀನಿನ ಗಂಡು ಆಳ ಕಡಿಮೆ ಇರುವಲ್ಲಿ ಮಣ್ಣು ತೋಡಿ ಗುಂಡಗೆ ಗುಂಡಿ ಮಾಡುವುದನ್ನು, ಹೆಣ್ಣು ಮೊಟ್ಟೆ ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಸಾಕುವುದನ್ನು ತೋರಿಸಿಕೊಟ್ಟವರೂ ಅವರೇ. ಎಡಗೈಯಲ್ಲಿ ನನಗೆ ಸಿಕ್ಕ ಮೊದಲ ಮೀನು ಅಂಗೈ ಅಗಲದ ಜಿಲೇಬಿ. ಅಜ್ಜ ನನಗಿಂತ ಜೋರಾಗಿ ಕೂಗಿದರು.

ಆ ಜಿಲೇಬಿಯನ್ನು ನಾನು ನೀರಿಗೆ ವಾಪಸ್ ಬಿಡಲಿಲ್ಲ. ಅದು ಆಫ್ರಿಕಾದ ಮೀನು, 1952ರಲ್ಲಿ ನಮ್ಮ ದೇಶಕ್ಕೆ ತಂದದ್ದು. ನಮ್ಮ ಕೆರೆಗಳಲ್ಲಿ ಬೇಡದಷ್ಟು ಬೆಳೆದಿದೆ. ಸಿಕ್ಕಿದ್ದೆಲ್ಲ ಕೆರೆ ಗುತ್ತಿಗೆ ಹಿಡಿದವರ ಮನೆಗೆ. ಕೇಳಿದ ತಕ್ಷಣ "ಬನ್ನಿ, ನಿಂತ್ಕೊಳ್ಳಿ" ಅಂದ ಆ ಮನೆಯವರಿಗೆ, ಎಷ್ಟೋ ಸಂಜೆ ಕಾಫಿ ಕಳಿಸಿದ ಅವರ ಸೊಸೆಗೆ ನನ್ನ ನಮಸ್ಕಾರ.

ಆಮೇಲೆ ರೇಡಿಯೋ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಮನೆಯಲ್ಲೇ ಬಾನುಲಿ ಶುರು ಮಾಡಿದ ಮೈಸೂರಿನಲ್ಲಿ, ರೇಡಿಯೋ ಕೇಳಿಕೊಂಡೇ ಬೆಳೆದವಳು ನಾನು. ಮೈಕಿನ ಮುಂದೆ ಕೂತು ಮಾತಾಡಿ ಅಂತ ಕರೆ ಬಂದಾಗ ಗಂಟಲು ಒಣಗಿತ್ತು. ದೊಡ್ಡ ಮೀನಿನ ಕಥೆ ಹೇಳಿ ಅಂದರು. ಗೊತ್ತಿದ್ದದ್ದು ಹೇಳಿದೆ. ಸತ್ತ ಪ್ರಾಣಿಗಳ ಚರ್ಮ ಹದ ಮಾಡಿ ಜೀವಂತ ಇದ್ದ ಹಾಗೆ ನಿಲ್ಲಿಸುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ದರು. ಅಂದರೆ ಸುಮಾರು 54 ಕೆಜಿ. ಅದರ ಜೊತೆಗೆ ಇನ್ನೊಂದನ್ನೂ ಹೇಳಿದೆ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಆ ಗೂನು ಬೆನ್ನಿನ ಮಹಶೀರ್ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ನಿಂತದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಮೀನು ಹೊಡೆಯುವುದು, ಹೊರಗಿನಿಂದ ತಂದು ಬಿಟ್ಟ ಬೇರೆ ಮಹಶೀರ್, ಎಲ್ಲ ಸೇರಿ ಅದನ್ನು ಮೂಲೆಗೆ ತಳ್ಳಿವೆ. ನನಗೆ ಆ ಮೀನು ಗಾಳದಲ್ಲಿ ಬೇಡ, ಹೊಳೆಯಲ್ಲಿ ಇದ್ದರೆ ಸಾಕು ಅಂದೆ. ರೇಡಿಯೋದವರೇ, ಸಮಯ ಕಡಿಮೆ ಇದ್ದರೂ ನೀವು ಆ ಭಾಗವನ್ನು ಕತ್ತರಿಸದೆ ಪ್ರಸಾರ ಮಾಡಿದಿರಿ. ಅದಕ್ಕೆ ನಾನು ಯಾವತ್ತೂ ಋಣಿ. ಮೀನು ಎತ್ತಿ ಹಿಡಿದ ಫೋಟೋ ಬೇಡ ಅಂದಾಗ ಬೇಜಾರು ಮಾಡಿಕೊಳ್ಳದೆ, ನನ್ನ ಉಗುರಿನ ಮೇಲೆ ಫ್ಲೈ ಇಟ್ಟು ಫೋಟೋ ತೆಗೆದ ಪತ್ರಿಕೆಯ ತಮ್ಮನಿಗೂ ಥ್ಯಾಂಕ್ಸ್.

ರೇಡಿಯೋ ಕೇಳಿದ ಮಳವಳ್ಳಿಯ ಅಮ್ಮನೊಬ್ಬರು ಒಂದು ಚೀಲ ನಾಟಿ ಕೋಳಿ ಪುಕ್ಕ ಕಳಿಸಿಬಿಟ್ಟರು! ಹುಂಜದ್ದು ಬೇರೆ, ಹ್ಯಾಟೆಯದು ಬೇರೆ, ತೊಳೆದು ಒಣಗಿಸಿ ಕಟ್ಟಿದ್ದರು. ಹುಂಜದ ಕತ್ತಿನ ಪುಕ್ಕ ಗಡುಸು, ನೀರ ಮೇಲೆ ತೇಲುವ ಫ್ಲೈಗೆ ಬೇಕು. ಹ್ಯಾಟೆಯದು ಮೆತ್ತಗೆ, ಟೆಂಕಾರಾ ಫ್ಲೈಗೆ ಹೇಳಿ ಮಾಡಿಸಿದ್ದು. ಅಮ್ಮಾ, ಮೊನ್ನೆ ಬಲಗೈಯಲ್ಲಿ ಬೀಸಿದಾಗ ದಾರದ ತುದಿಯಲ್ಲಿ ಇದ್ದದ್ದು ನಿಮ್ಮ ಕೆಂಪು ಹುಂಜದ ಪುಕ್ಕ.

ನಮ್ಮ ಮನೆಯವರ ಬಗ್ಗೆ ಬರೆಯಬೇಡ ಅಂತ ಅವರೇ ಹೇಳಿದ್ದಾರೆ. ಆದರೂ ಬರೆಯುತ್ತೇನೆ. ಅಷ್ಟೂ ತಿಂಗಳು ನನ್ನ ಜಡೆ ಹಾಕಿದವರು ಅವರು.

ಟೆಂಕಾರಾ ವಾಪಸ್ ಕೊಡಲು ಹೋದರೆ ಬೆಂಗಳೂರಿನ ಹುಡುಗ ತೆಗೆದುಕೊಳ್ಳಲಿಲ್ಲ. "ಇನ್ಯಾರಿಗಾದ್ರೂ ಬೇಕಾಗುತ್ತೆ ಅಕ್ಕ, ನಿಮ್ಮತ್ರಾನೇ ಇರ್ಲಿ" ಅಂದ. ಹಾಗಾಗಿ ಅದು ಈಗ ಮಂಡ್ಯದ ನಮ್ಮ ಮನೆಯಲ್ಲಿದೆ. ಭುಜ ಹಿಡಿದುಕೊಂಡವರು, ಒಂದು ಕೈ ಸ್ವಾಧೀನ ಇಲ್ಲದವರು, ಯಾರಿಗೆ ಬೇಕಾದರೂ ಕೊಡುತ್ತೇನೆ, ಹಿಡಿಯುವುದನ್ನೂ ಕಲಿಸುತ್ತೇನೆ. ಭಾನುವಾರ ಸಂಜೆ ಕೆರೆ ಏರಿಯ ಮೇಲೆ ಸಿಗುತ್ತೇನೆ. ಕಣ್ಣಿಗೆ ಗಾಳ ತಗಲದ ಹಾಗೆ ಕನ್ನಡಕ, ತಲೆಗೊಂದು ಟೋಪಿ ತನ್ನಿ. ಮಿಕ್ಕಿದ್ದೆಲ್ಲ ನನ್ನ ಹತ್ತಿರ ಇದೆ.