ಆ ನೈಟ್ ಡ್ಯೂಟಿ ಸಿಸ್ಟರ್‌ಗೆ

ನಮ್ ಮಗಳು 31 ವಾರಕ್ಕೇ ಹುಟ್ಬಿಟ್ಲು, ಒಂದೂವರೆ ಕೆಜಿನೂ ಇರ್ಲಿಲ್ಲ, ಮುಟ್ಟಕ್ಕೂ ಹೆದರ್ತಿದ್ದೆ. ಹಾಲು ಯಾಕೆ ಚೀಪಲ್ಲ ಅಂತ ನಾನು ಅಳ್ತಿದ್ರೆ ನೀವು ಪಕ್ಕದಲ್ಲಿ ಕೂತು, ಚೀಪೋದು ನುಂಗೋದು ಉಸಿರಾಡೋದು ಮೂರೂ ಒಟ್ಟಿಗೆ ಹೊಂದ್ಕೊಳ್ಳೋಕೆ ಬಸುರಿನ ಲೆಕ್ಕದಲ್ಲಿ ಸುಮಾರು 34 ವಾರ ಆಗ್ಬೇಕು, ನಿಮ್ ತಪ್ಪಲ್ಲಮ್ಮ ಅಂದ್ರಿ. ಆಮೇಲೆ ಬರೀ ಡೈಪರ್, ಟೋಪಿ ಹಾಕಿ ಅವ್ಳನ್ನ ನನ್ನ ಬರಿ ಎದೆ ಮೇಲೆ ಮಲಗಿಸಿದ್ರಲ್ಲ, ಕಾಂಗರೂ ಕೇರ್ ಅಂತ, 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾಗಿದ್ದಂತೆ, ಸ್ವಲ್ಪ ಹೊತ್ತಿಗೇ ಅವ್ಳ ಉಸಿರು ಒಂದೇ ಸಮ ಆಯ್ತು, ನಂದೂ. ಆ ಬಿಸಿ ಇನ್ನೂ ಎದೆಲಿದೆ. ಹೆಸರು ಕೇಳೋ ಅಷ್ಟ್ರಲ್ಲಿ ನಿಮ್ ಶಿಫ್ಟ್ ಮುಗ್ದಿತ್ತು. ಈಗ 9 ತಿಂಗಳು ಸಿಸ್ಟರ್, ನಿನ್ನೆ ಯಾರೂ ಹಿಡ್ಕೊಳ್ದೆ ತಾನೇ ಕೂತ್ಲು. ತುಂಬಾ ತುಂಬಾ ಥ್ಯಾಂಕ್ಸ್.